ಕಾಲು ಇಡಿ, ಭಾರ ಇಡಬೇಡಿ

ಪ್ಯಾಂಟ್ ಹಾಕಿಕೊಳ್ಳಲು ಮಂಚದ ಮೇಲೆ ಕೂರುವ ಅಭ್ಯಾಸ ನನಗೆ ಯಾವಾಗ ಶುರುವಾಯಿತೋ ನೆನಪಿಲ್ಲ. ಒಂದು ಬೆಳಿಗ್ಗೆ ಹೆಂಡತಿ ಕೇಳಿದಳು, "ಯಾಕ್ರೀ, ನಿಂತ್ಕೊಂಡು ಹಾಕ್ಕೊಳ್ಳೋಕೆ ಆಗಲ್ವಾ?" ಆಗದೇ ಏನು ಅಂತ ಎದ್ದು ನಿಂತೆ. ಬಲಗಾಲು ಎತ್ತಿ ಪ್ಯಾಂಟಿನೊಳಗೆ ತೂರಿಸುವಷ್ಟರಲ್ಲಿ ಮೈ ಎಡಕ್ಕೆ ವಾಲಿತು. ಬೀರುವಿನ ಹಿಡಿ ಕೈಗೆ ಸಿಕ್ಕಿತು, ಬಚಾವಾದೆ. ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಆಗ ನನಗೆ 62. ಬ್ಯಾಂಕಿನಲ್ಲಿ ಕೂತು 35 ವರ್ಷ ಊರಿನವರ ಬ್ಯಾಲೆನ್ಸ್ ನೋಡಿದವನು ನಾನು. ನನ್ನ ಬ್ಯಾಲೆನ್ಸ್ ಎಷ್ಟಕ್ಕೆ ಇಳಿದಿದೆ ಅಂತ ಒಮ್ಮೆಯೂ ನೋಡಿಕೊಂಡಿರಲಿಲ್ಲ. ಹಾಗಂತ ಸೋಮಾರಿಯೂ ಅಲ್ಲ. ನಿವೃತ್ತಿಯಾದ ಮಾರನೇ ದಿನದಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಿದ್ದೇನೆ. ಶುಗರ್ ಇದೆ, ಬಿ.ಪಿ. ಇದೆ, ಎರಡಕ್ಕೂ ಮಾತ್ರೆ ಇದೆ. ದಿನಾ ನಡೆಯುವವನಿಗೆ ಇನ್ನೇನು ಬೇಕು ಅಂದುಕೊಂಡಿದ್ದೆ.

ಅದೇ ವರ್ಷ ಮಳೆಗಾಲದಲ್ಲಿ ಅವ್ವ ಬಿದ್ದಳು. ಮಂಡ್ಯದ ಹತ್ತಿರದ ನಮ್ಮ ಊರಿನಲ್ಲಿ ತಮ್ಮನ ಜೊತೆ ಇದ್ದಳು. 84 ವರ್ಷ. ರಾತ್ರಿ ಎದ್ದು, ಲೈಟ್ ಹಾಕಿಕೊಳ್ಳದೆ ಬಚ್ಚಲಿಗೆ ಹೋದವಳು ಟೈಲ್ಸ್ ಮೇಲೆ ಜಾರಿದಳು. ಹಳೇ ಕಲ್ಲು ಚಪ್ಪಡಿ ಕಿತ್ತು ಆ ಟೈಲ್ಸ್ ಹಾಕಿಸಿದವನು ನಾನೇ. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಮೂಳೆ ಕೂಡಿತು, ವಾಕರ್ ಹಿಡಿದು ನಡೆಯುವಂತೆಯೂ ಆದಳು. ಆದರೆ ಜಗಲಿಯಿಂದ ಕೆಳಗೆ ಇಳಿಯುವುದನ್ನೇ ಬಿಟ್ಟಳು. ಯಾಕವ್ವ ಅಂದರೆ, "ಬಿದ್ಮೇಲೆ ನೆಲಾನೇ ನಂಬಕ್ಕಾಗಕಿಲ್ಲ ಕನ ಮಗಾ" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಬೀರುವಿನ ಹಿಡಿಯೂ ಬಿಡಲಿಲ್ಲ. ಓದತೊಡಗಿದೆ. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವರಲ್ಲಿ ಹೆಚ್ಚಿನವರು 60 ದಾಟಿದವರು. ಇನ್ನೊಂದು ಅಧ್ಯಯನ ಬ್ರೆಜಿಲ್‌ನದು, 2022ರಲ್ಲಿ ಪ್ರಕಟವಾಯಿತು. 51ರಿಂದ 75 ವಯಸ್ಸಿನ 1,702 ಜನರನ್ನು 10 ಸೆಕೆಂಡ್ ಒಂಟಿ ಕಾಲಿನಲ್ಲಿ ನಿಲ್ಲಿಸಿದರು. ಐದರಲ್ಲಿ ಒಬ್ಬರಿಗೆ ನಿಲ್ಲಲಾಗಲಿಲ್ಲ. ಮುಂದಿನ ಏಳು ವರ್ಷಗಳಲ್ಲಿ ನಿಲ್ಲಲಾಗದವರ ಗುಂಪಿನಲ್ಲಿ ಸಾವು ಜಾಸ್ತಿ ಇತ್ತು. ಒಂಟಿ ಕಾಲಿನಲ್ಲಿ ನಿಲ್ಲಲಾಗದ್ದರಿಂದಲೇ ಸತ್ತರು ಅಂತಲ್ಲ. ಅವರಲ್ಲಿ ಬೇರೆ ಕಾಯಿಲೆಗಳೂ ಜಾಸ್ತಿ ಇದ್ದವು. ಆದರೂ ಓದಿ ಮುಗಿಸಿದ ತಕ್ಷಣ ಎದ್ದು, ಗಡಿಯಾರ ನೋಡಿಕೊಂಡು ಒಂಟಿ ಕಾಲಿನಲ್ಲಿ ನಿಂತೆ. ಎಡಗಾಲು 6 ಸೆಕೆಂಡ್. ಬಲಗಾಲು 4. ನೀವೂ ಒಮ್ಮೆ ಎದ್ದು ನೋಡಿ, ಹತ್ತಿರ ಒಂದು ಕುರ್ಚಿ ಇಟ್ಟುಕೊಂಡು.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದಾರೆ. ಬೆಳಿಗ್ಗೆ ಆರಕ್ಕೆ ಹೊಂಗೆ ಮರದ ಕೆಳಗೆ ಐದಾರು ಜನರನ್ನು ಕಟ್ಟಿಕೊಂಡು ನಿಧಾನಕ್ಕೆ ಕೈಕಾಲು ಆಡಿಸುತ್ತಿದ್ದರು. ನೀರಿನೊಳಗೆ ನಡೆಯುತ್ತಿದ್ದಾರೇನೋ ಅನ್ನುವ ಹಾಗೆ. ತೈ ಚಿ ಅಂತ ಅದರ ಹೆಸರು, ಚೀನಾದ ವ್ಯಾಯಾಮ. ಸಿಂಗಪುರದಲ್ಲಿರುವ ಮಗನ ಮನೆಗೆ ಹೋದಾಗಲೆಲ್ಲ ಫ್ಲ್ಯಾಟಿನ ಕೆಳಗೆ ಚೀನೀ ಅಜ್ಜ ಅಜ್ಜಿಯರ ಜೊತೆ ನಿಂತು ಕಲಿತದ್ದಂತೆ. ಶಾಲೆಗೆ ಹೋಗುವ ಹುಡುಗರು ಅವರಿಗೆ 'ಜಾಕಿ ಚಾನ್ ತಾತ' ಅಂತ ಹೆಸರಿಟ್ಟಿದ್ದರು. ನಾನೂ ಎಷ್ಟೋ ಸಲ ಆ ಕಡೆ ನೋಡಿ, ಇದೆಂಥ ವ್ಯಾಯಾಮ, ಬೆವರೇ ಬರಲ್ಲವಲ್ಲ ಅಂದುಕೊಂಡು ಮುಂದೆ ಹೋಗಿದ್ದೆ. ಈಗ ಹೋಗಿ ಕೇಳಿದೆ, "ಮೇಷ್ಟ್ರೇ, ನಾನೂ ಬರಬಹುದಾ?"

"ಬನ್ನಿ ಸ್ವಾಮಿ. ಫೀಜಿಲ್ಲ. ಆದರೆ ಆರು ತಿಂಗಳು ಬಿಡಬಾರದು."

ಮೊದಲ ದಿನ ಅವರು ಒಂದು ವರಸೆಯನ್ನೂ ಹೇಳಿಕೊಡಲಿಲ್ಲ. ಮನೆಯಿಂದ ಎರಡು ತೂಕದ ಯಂತ್ರ ತಂದಿದ್ದರು. ಸಿಮೆಂಟ್ ಕಟ್ಟೆಯ ಪಕ್ಕ ಜೋಡಿಸಿಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಲು ಹೇಳಿದರು. "ಎರಡೂ ಕಾಲಿಗೆ ಸಮ ಭಾರ ಹಾಕಿ. ಕೆಳಗೆ ನೋಡಬೇಡಿ. ಸಮ ಆಯ್ತು ಅನ್ನಿಸಿದಾಗ ಹೇಳಿ." ನಾನು ಹೇಳಿದೆ. ಅವರು ಓದಿದರು. ಎಡಕ್ಕೆ 43 ಕಿಲೋ, ಬಲಕ್ಕೆ 31. ನನ್ನ 74 ಕಿಲೋದಲ್ಲಿ 12 ಕಿಲೋ ವ್ಯತ್ಯಾಸ ನನಗೇ ಗೊತ್ತಾಗಿರಲಿಲ್ಲ. ಕ್ಯಾಷ್ ಟ್ಯಾಲಿಯಲ್ಲಿ 12 ರೂಪಾಯಿ ಹೆಚ್ಚುಕಮ್ಮಿ ಬಂದರೆ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದವನು ನಾನು.

ಆ ವಾರವೆಲ್ಲ ಅದೇ ಕೆಲಸ. ಮಂಡಿ ಸ್ವಲ್ಪವೇ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಭಾರವನ್ನು ಎಡಗಾಲಿಗೆ ತರುವುದು, ಬಲಗಾಲಿಗೆ ಒಯ್ಯುವುದು. ಒಂದು ಬಿಂದಿಗೆಯಿಂದ ಇನ್ನೊಂದು ಬಿಂದಿಗೆಗೆ ನೀರು ಬಗ್ಗಿಸಿದ ಹಾಗೆ, ಚೆಲ್ಲದೆ. ಒಂದು ಬಿಂದಿಗೆ ಪೂರ್ತಿ ತುಂಬಿದಾಗ ಇನ್ನೊಂದು ಪೂರ್ತಿ ಖಾಲಿ. ಖಾಲಿಯಾದ ಕಾಲನ್ನು ಮಾತ್ರ ಎತ್ತಬೇಕು. ಎತ್ತಿದ ಕಾಲನ್ನು ಮುಂದಿಟ್ಟಾಗ ಅದು ಇನ್ನೂ ಖಾಲಿಯೇ ಇರಬೇಕು. ಮೇಷ್ಟ್ರು ಇದನ್ನೇ ನೂರು ಸಲ ಹೇಳುತ್ತಿದ್ದರು. "ಕಾಲು ಇಡಿ, ಭಾರ ಇಡಬೇಡಿ. ನೆಲ ಸರಿ ಇದೆಯಾ ನೋಡಿ. ಆಮೇಲೆ ಭಾರ."

ಹತ್ತು ನಿಮಿಷಕ್ಕೆ ತೊಡೆ ನಡುಗಲು ಶುರುವಾಯಿತು. ಬೆವರೂ ಬಂತು. ಕೆರೆ ಸುತ್ತ ಒಂದು ಗಂಟೆ ನಡೆದರೂ ಬಾರದ ಸುಸ್ತು ಇದು. ಮೇಷ್ಟ್ರನ್ನು ಕೇಳಿದೆ, ಇಷ್ಟು ನಿಧಾನಕ್ಕೆ ಮಾಡಿದರೂ ಯಾಕೆ ಹೀಗೆ? ಅವರು ಹೇಳಿದರು, "ನಮ್ಮ ಶಾಲೆಯಲ್ಲಿ ಸ್ಲೋ ಸೈಕಲ್ ರೇಸ್ ಇಡ್ತಿದ್ದೆವಲ್ಲ, ನೆನಪಿದೆಯಾ? ಜೋರಾಗಿ ತುಳಿದರೆ ಯಾರು ಬೇಕಾದರೂ ಬೀಳದೆ ಹೋಗ್ತಾರೆ. ಕೊನೆಗೆ ಬರಬೇಕು ಅಂದಾಗ ಗೊತ್ತಾಗುತ್ತೆ ಯಾರಿಗೆ ಸೈಕಲ್ ಬರುತ್ತೆ ಅಂತ."

ಇದಕ್ಕಿಂತ ಚೆನ್ನಾಗಿ ತೈ ಚಿಯನ್ನು ಯಾರೂ ನನಗೆ ವಿವರಿಸಿಲ್ಲ. ವೇಗ ನಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ. ಬೀಸಾಗಿ ನಡೆಯುವಾಗ ಒಂಟಿ ಕಾಲಿನ ಮೇಲೆ ನಾವು ಇರುವುದು ಅರೆ ಕ್ಷಣ ಮಾತ್ರ. ಮೈ ಮುಂದಕ್ಕೆ ಬೀಳುತ್ತಿರುತ್ತದೆ, ಇನ್ನೊಂದು ಕಾಲು ಬಂದು ಹಿಡಿಯುತ್ತದೆ. ಅದನ್ನೇ ಹತ್ತು ಪಟ್ಟು ನಿಧಾನ ಮಾಡಿದರೆ ಆ ಅರೆ ಕ್ಷಣ ಐದು ಸೆಕೆಂಡಾಗುತ್ತದೆ. ಆ ಐದು ಸೆಕೆಂಡ್ ಪಾದದ ಸಣ್ಣ ಸ್ನಾಯುಗಳು, ಹರಡು, ಮಂಡಿ, ಸೊಂಟ ಎಲ್ಲವೂ ಕೆಲಸ ಮಾಡಲೇಬೇಕು.

ಬೀಳದೆ ನಿಲ್ಲಲು ಮೈಗೆ ಮೂರು ಕಡೆಯಿಂದ ಸುದ್ದಿ ಬರುತ್ತದೆ. ಒಂದು ಕಣ್ಣು. ಎರಡನೆಯದು ಒಳಕಿವಿ, ಅಲ್ಲಿನ ಅರ್ಧವೃತ್ತದ ಕೊಳವೆಗಳಲ್ಲಿ ತುಳುಕುವ ದ್ರವ ತಲೆ ಯಾವ ಕಡೆ ತಿರುಗಿತು ಅಂತ ಹೇಳುತ್ತದೆ. ಮೂರನೆಯದು ಅಂಗಾಲು ಮತ್ತು ಕೀಲುಗಳು. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಂಗಾಲಿನ ಸುದ್ದಿ ಇನ್ನೂ ಬೇಗ ನಿಲ್ಲುತ್ತದೆ. ಆಗ ಎಲ್ಲ ಭಾರವೂ ಕಣ್ಣಿನ ಮೇಲೆ. ಕತ್ತಲಾದರೆ ಅದೂ ಇಲ್ಲ. ಲೈಟ್ ಹಾಕಿಕೊಳ್ಳದೆ ಬಚ್ಚಲಿಗೆ ಹೋದ ಅವ್ವನಿಗೆ ಆ ರಾತ್ರಿ ಸುದ್ದಿ ಹೇಳುವವರು ಯಾರೂ ಉಳಿದಿರಲಿಲ್ಲ.

ತೈ ಚಿ ಮಾಡುವುದು ಮುಖ್ಯವಾಗಿ ಈ ಮೂರನೇ ದಾರಿಯನ್ನು ತೆರೆದಿಡುವ ಕೆಲಸ. ಪಾದ ನೆಲ ಮುಟ್ಟುವುದನ್ನು ಗಮನಿಸಬೇಕು, ಹಿಮ್ಮಡಿ ಮೊದಲು, ಆಮೇಲೆ ಪಾದದ ಅಂಚು, ಆಮೇಲೆ ಬೆರಳು. ತಲೆ ತಿರುಗಿಸುತ್ತಲೇ ಭಾರ ಬದಲಾಯಿಸಬೇಕು. ಜೊತೆಗೆ ಮುಂದಿನ ವರಸೆ ಯಾವುದು ಅಂತ ನೆನಪಿಟ್ಟುಕೊಳ್ಳಬೇಕು. ನಡೆಯುವುದು ಒಳ್ಳೆಯದೇ, ಬಿಡಬೇಡಿ. ಆದರೆ ಕೆರೆ ಏರಿಯ ಮೇಲೆ ನಾವು ನಡೆಯುವುದು ನೇರಕ್ಕೆ. ಬೀಳುವುದು ತಿರುಗುವಾಗ, ಪಕ್ಕಕ್ಕೆ ಸರಿಯುವಾಗ, ಹಿಂದಕ್ಕೆ ಹೆಜ್ಜೆ ಇಡುವಾಗ. ಅಡುಗೆಮನೆಯಲ್ಲಿ ಮೇಲಿನ ಡಬ್ಬ ಇಳಿಸಿಕೊಂಡು ಹಿಂದಕ್ಕೆ ಸರಿದಾಗ. ತೈ ಚಿಯಲ್ಲಿ ಪಕ್ಕದ ಹೆಜ್ಜೆ ಇದೆ, 'ಮೋಡದ ಕೈ' ಅಂತ. ಹಿಂದಿನ ಹೆಜ್ಜೆ ಇದೆ, ಅದರ ಹೆಸರು 'ಕೋತಿಯನ್ನು ಅಟ್ಟುವುದು'. ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದವರಿಗೆ ಈ ವರಸೆ ಬೇಗ ಬರುತ್ತದೆ.

ಹೆಸರುಗಳೇ ಒಂದು ಚೆಂದ. ಕಾಡುಕುದುರೆಯ ಜೂಲು ಬಿಡಿಸುವುದು. ಗುಬ್ಬಿಯ ಬಾಲ ಹಿಡಿಯುವುದು. ಚಿನ್ನದ ಹುಂಜ ಒಂಟಿ ಕಾಲಿನಲ್ಲಿ ನಿಲ್ಲುವುದು. ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು. ಕೊಕ್ಕರೆ ಬೆಳ್ಳೂರು ಇರುವ ಜಿಲ್ಲೆಯವನಿಗೆ ಕೊಕ್ಕರೆ ಹೇಗೆ ನಿಲ್ಲುತ್ತದೆ ಅಂತ ಚೀನಾದವರು ಹೇಳಿಕೊಡಬೇಕಾಯಿತಲ್ಲ!

ಕೊಕ್ಕರೆ ಅಂದಾಗ ನೆನಪಾಯಿತು. ಕೆಸರು ಗದ್ದೆಯಲ್ಲಿ ಬೆಳ್ಳಕ್ಕಿ ಕಾಲಿಡುವುದನ್ನು ನೋಡಿದ್ದೀರಾ? ಎತ್ತಿದ ಕಾಲು ಗಾಳಿಯಲ್ಲೇ ನಿಂತಿರುತ್ತದೆ. ನಿಧಾನಕ್ಕೆ ಇಳಿಯುತ್ತದೆ. ನೀರು ಅಲುಗುವುದಿಲ್ಲ. ನಾನು ಹುಡುಗನಾಗಿದ್ದಾಗ ನಾಟಿಯ ದಿನಗಳಲ್ಲಿ ಅವ್ವನೂ ಹೀಗೇ ನಡೆಯುತ್ತಿದ್ದಳು. ನಾಲೆಗೆ ನೀರು ಬಿಟ್ಟ ಮೇಲೆ ಊರಿಗೆ ಊರೇ ಕೆಸರಿಗೆ ಇಳಿಯುತ್ತಿತ್ತು. ತಲೆ ಮೇಲೆ ಪೈರಿನ ಕಟ್ಟು, ಅದರಿಂದ ನೀರು ತೊಟ್ಟಿಕ್ಕುತ್ತಿರುತ್ತಿತ್ತು. ಕಾಲ ಕೆಳಗೆ ಒಂದಡಿ ಅಗಲದ ಬದು, ಅದೂ ನೆನೆದದ್ದು. ಅಲ್ಲಿ ಪಾದ ಇಟ್ಟ ತಕ್ಷಣ ಭಾರ ಹಾಕುವಂತಿಲ್ಲ. ಹಾಕಿದರೆ ಬದು ಕುಸಿಯುತ್ತೆ, ನೀವು ಪೈರಿನ ಸಮೇತ ಪಕ್ಕದವನ ಗದ್ದೆಯಲ್ಲಿ. ಬೈಗುಳ ಬೇರೆ.

ಹಾಗಾದರೆ ಅಷ್ಟು ಚೆನ್ನಾಗಿ ಕಾಲಿಡಲು ಬರುತ್ತಿದ್ದವಳು ಬಚ್ಚಲಲ್ಲಿ ಯಾಕೆ ಬಿದ್ದಳು? ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅವ್ವ ಗದ್ದೆಗೆ ಇಳಿದು ಇಪ್ಪತ್ತು ವರ್ಷವಾಗಿತ್ತು. ಅದೂ ನಮ್ಮ ಪ್ರೀತಿಯಿಂದಲೇ. ಮೊದಲು ಗದ್ದೆ ಬಿಡಿಸಿದೆವು. ಆಮೇಲೆ ಸಗಣಿ ಸಾರಿಸುವ ನೆಲ ಹೋಗಿ ರೆಡ್ ಆಕ್ಸೈಡ್ ಬಂತು, ಅದು ಹೋಗಿ ಟೈಲ್ಸ್ ಬಂತು. ಕುಕ್ಕರಗಾಲಿನಲ್ಲಿ ಕೂರುವ ಕೆಲಸಗಳು ಒಂದೊಂದಾಗಿ ಹೋದವು. ಒಲೆ ಕಟ್ಟೆ ಮೇಲೆ ಬಂತು, ಊಟ ಟೇಬಲ್ ಮೇಲೆ ಬಂತು, ಕಕ್ಕಸಿಗೆ ಕಮೋಡ್ ಬಂತು. ರಾಗಿ ಬೀಸುವ ಕಲ್ಲು ಮೂಲೆ ಸೇರಿತು. ಒಂದೊಂದೂ ಸರಿಯೇ. ಯಾವುದನ್ನೂ ವಾಪಸ್ ತನ್ನಿ ಅಂತ ಹೇಳುವ ದಡ್ಡ ನಾನಲ್ಲ. ಅವ್ವನ ಮಂಡಿಗೆ ಕಮೋಡ್ ಬೇಕಿತ್ತು. ಆದರೆ ಏರುಪೇರು ನೆಲ, ಬಗ್ಗುವುದು, ಏಳುವುದು, ಪಕ್ಕಕ್ಕೆ ಸರಿಯುವುದು ಇವೆಲ್ಲ ದಿನಾ ಕಾಲಿಗೆ ಪಾಠ ಹೇಳುತ್ತಿದ್ದವು. ಪಾಠ ನಿಂತಿತು ಅಂತ ನಮಗೆ ಗೊತ್ತಾಗಲಿಲ್ಲ. ಸಮತಟ್ಟಾದ ನೆಲದ ಮೇಲೆ ಆ ಪಾಠವನ್ನು ಬೇಕೆಂದೇ ಮತ್ತೆ ಮಾಡಿಕೊಳ್ಳುವುದೇ ತೈ ಚಿ. ನನಗೆ ಅರ್ಥವಾದ ತೈ ಚಿ ಇಷ್ಟೇ.

'ಚಿ' ಅಂದರೆ ಪ್ರಾಣಶಕ್ತಿ, ಅದು ಮೈಯಲ್ಲಿ ಹರಿದು ಎಲ್ಲ ಕಾಯಿಲೆ ವಾಸಿ ಮಾಡುತ್ತೆ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಅಷ್ಟಕ್ಕೂ ತೈ ಚಿಯ 'ಚಿ'ಗೂ ಪ್ರಾಣಶಕ್ತಿ ಅನ್ನುವ 'ಚಿ'ಗೂ ಸಂಬಂಧವೇ ಇಲ್ಲ. ಚೀನೀ ಭಾಷೆಯಲ್ಲಿ ಅವು ಎರಡು ಬೇರೆ ಬೇರೆ ಪದ, ಬರೆಯುವುದೂ ಬೇರೆ. ಪೂರ್ತಿ ಹೆಸರು ತೈಜಿ ಚುವಾನ್. 'ಚುವಾನ್' ಅಂದರೆ ಮುಷ್ಟಿ. ಇದು ಹುಟ್ಟಿದ್ದು ಹೊಡೆದಾಟದ ವಿದ್ಯೆಯಾಗಿ. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯೊಂದರಲ್ಲಿ 17ನೇ ಶತಮಾನದಲ್ಲಿ ಬೆಳೆದದ್ದು. 19ನೇ ಶತಮಾನದಲ್ಲಿ ಯಾಂಗ್ ಲುಚಾನ್ ಎಂಬಾತ ಅಲ್ಲಿ ಕಲಿತು ಬೀಜಿಂಗ್‌ಗೆ ಒಯ್ದ. ಈಗ ಜಗತ್ತಿನ ಪಾರ್ಕುಗಳಲ್ಲಿ ಜಾಸ್ತಿ ಕಾಣುವುದು ಅವನ ಮನೆತನದ ಯಾಂಗ್ ಶೈಲಿ. 1956ರಲ್ಲಿ ಚೀನಾ ಸರ್ಕಾರ ಅದನ್ನೇ ಚಿಕ್ಕದು ಮಾಡಿ 24 ವರಸೆಗಳ ಒಂದು ಕಟ್ಟು ಸಿದ್ಧಪಡಿಸಿತು. ನಮ್ಮ ಮೇಷ್ಟ್ರು ಕಲಿಸುವುದು ಅದನ್ನೇ. ಮುಗಿಸಲು ಐದಾರು ನಿಮಿಷ ಸಾಕು, ಕಲಿಯಲು ನನಗೆ ಏಳು ತಿಂಗಳು ಬೇಕಾಯಿತು. 2020ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊಡೆದಾಟದ ವಿದ್ಯೆ ಅನ್ನುವುದನ್ನು ಮೊದಲು ನಾನು ನಂಬಿರಲಿಲ್ಲ. ಒಂದು ದಿನ ಮೇಷ್ಟ್ರು 'ಕೈ ತಳ್ಳಾಟ' ಆಡೋಣ ಅಂದರು. ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಸುಮ್ನೆ ಮೆತ್ತಗೆ ತಳ್ಳುವುದು. ಪಾದ ಕದಲಿದವನು ಸೋತ. ಅವರು 71ರ ಸಣಕಲು ಮನುಷ್ಯ. ನಾನು ಎದೆ ಸೆಟೆದು ಬಲ ಹಾಕಿದೆ. ಅವರು ಸೊಂಟ ಒಂಚೂರು ತಿರುಗಿಸಿದರು, ಅಷ್ಟೇ. ನಾನು ಮೂರು ಹೆಜ್ಜೆ ಮುಂದೆ ಹೋಗಿ ಹೊಂಗೆ ಮರ ಹಿಡಿದುಕೊಂಡೆ. ನಜರ್‌ಬಾದ್ ಕಡೆ ಇದ್ದ ನಮ್ಮ ಸೋದರಮಾವ ಹುಡುಗನಾಗಿದ್ದ ನನ್ನನ್ನು ಗರಡಿ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಕೆಮ್ಮಣ್ಣಿನ ಅಖಾಡದಲ್ಲಿ ಪೈಲ್ವಾನರು ಪಟ್ಟು ಹಾಕುವ ಮೊದಲು ಹೀಗೇ ಕೈಯಿಂದ ಕೈ ತಡಕಾಡುತ್ತಿದ್ದರು. ಎದುರಾಳಿಯ ಭಾರ ಯಾವ ಕಾಲಿನಲ್ಲಿದೆ ಅಂತ ಹುಡುಕುವ ಕೆಲಸ ಅದು ಅಂತ ನನಗೆ ಈಗ ಅರ್ಥವಾಯಿತು.

ಇನ್ನು ಯೋಗದ ಊರಲ್ಲಿ ಇದೇಕೆ ಅನ್ನುವ ಪ್ರಶ್ನೆ. ಇದು ಬಂದೇ ಬರುತ್ತದೆ, ಅದರಲ್ಲೂ ಮೈಸೂರಿನಲ್ಲಿ. ಬ್ಯಾಂಕಿನ ಹಳೇ ಸ್ನೇಹಿತ ಕೇಳಿದ, "ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗ ಕಲಿಸಿದ ಊರು ಇದು. ಪಟ್ಟಾಭಿ ಜೋಯಿಸರ ಹೆಸರು ಕೇಳಿ ಇಲ್ಲಿನ ಗೋಕುಲಂ ಬಡಾವಣೆಗೆ ಪ್ರಪಂಚದ ಮೂಲೆ ಮೂಲೆಯಿಂದ ಜನ ಬರ್ತಾರೆ. ನೀನು ಚೀನಾದ್ದು ಹಿಡ್ಕೊಂಡಿದ್ದೀಯಲ್ಲೋ." ನಾನು ಯೋಗವನ್ನು ಬಿಟ್ಟಿಲ್ಲ ಅಂದೆ. ವೃಕ್ಷಾಸನದಲ್ಲಿ ಒಂದು ಕಡೆ ನಿಂತು ಸ್ಥಿರವಾಗುತ್ತೇವೆ. ತೈ ಚಿಯಲ್ಲಿ ಚಲಿಸುತ್ತಲೇ ಸ್ಥಿರವಾಗಿರಬೇಕು. ಎರಡೂ ಬೇಕು. ಚೀನಾದ್ದು ಅನ್ನುವ ಕಾರಣಕ್ಕೆ ಬೇಡ ಅನ್ನುವವರು ಮೊದಲು ಸಂಜೆಯ ಟೀ ಬಿಡಲಿ, ಆಮೇಲೆ ಮಾತಾಡೋಣ ಅಂದೆ. ಅವನು ಕಾಫಿ ಕುಡಿಯುವವನು. ವಾದ ಅಲ್ಲಿಗೇ ನಿಂತಿತು.

ಬ್ಯಾಂಕಿನವನಿಗೆ ಅನುಭವ ಸಾಲದು, ಲೆಕ್ಕ ಬೇಕು. ಹುಡುಕಿದೆ. ಅಮೆರಿಕದ ಅಟ್ಲಾಂಟಾದಲ್ಲಿ 70 ದಾಟಿದ 200 ಜನರ ಮೇಲೆ ಮಾಡಿದ ಅಧ್ಯಯನ 1996ರಲ್ಲಿ ಬಂತು. 15 ವಾರ ತೈ ಚಿ ಮಾಡಿದವರಲ್ಲಿ ಮತ್ತೆ ಮತ್ತೆ ಬೀಳುವ ಅಪಾಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಕಂಪ್ಯೂಟರ್ ಯಂತ್ರದ ಮೇಲೆ ನಿಂತು ಸಮತೋಲನ ಕಲಿತ ಗುಂಪಿನಲ್ಲಿ ಹಾಗೆ ಇಳಿಯಲಿಲ್ಲ. ತೈ ಚಿಯವರಲ್ಲಿ ಬೀಳುವ ಭಯವೂ ಕಡಿಮೆಯಾಗಿತ್ತು. ನನಗೆ ಇದೇ ಮುಖ್ಯ ಅನ್ನಿಸಿತು, ಯಾಕೆಂದರೆ ಭಯವೇ ಅರ್ಧ ಬೀಳಿಸುತ್ತದೆ. ಹೆದರಿದವರು ಹೆಜ್ಜೆ ಚಿಕ್ಕದು ಮಾಡುತ್ತಾರೆ, ಕಾಲು ಎಳೆಯುತ್ತಾರೆ, ಮೈ ಬಿಗಿ ಮಾಡುತ್ತಾರೆ, ಆಮೇಲೆ ನಡೆಯುವುದನ್ನೇ ಬಿಡುತ್ತಾರೆ. ಬಿಟ್ಟಷ್ಟೂ ಕಾಲಿನ ಶಕ್ತಿ ಹೋಗುತ್ತದೆ. ನಮ್ಮ ಅವ್ವನ ಜಗಲಿಯ ಕತೆ.

ಆರಿಗಾನ್ ರಾಜ್ಯದಲ್ಲಿ 670 ಜನರ ಮೇಲೆ ಮಾಡಿದ ಇನ್ನೊಂದು ಅಧ್ಯಯನ 2018ರದು. ಅವರೆಲ್ಲ 70 ದಾಟಿದವರು, ಒಮ್ಮೆ ಬಿದ್ದವರು ಇಲ್ಲವೇ ನಡೆಯಲು ಕಷ್ಟವಿದ್ದವರು. ವಾರಕ್ಕೆ ಎರಡು ಸಲದಂತೆ 24 ವಾರ ತೈ ಚಿ ಮಾಡಿದವರು, ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ 58% ಕಡಿಮೆ ಬಿದ್ದರು. ಬಲ, ನಡಿಗೆ, ಸಮತೋಲನ ಎಲ್ಲ ಬೆರೆಸಿದ ವ್ಯಾಯಾಮದವರಿಗಿಂತಲೂ 31% ಕಡಿಮೆ. ಆದರೆ ಬೇರೆ ಬೇರೆ ಕಡೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ, ಕಾಕ್ರೇನ್ ಅನ್ನುವ ಸಂಸ್ಥೆಯ 2019ರ ವರದಿ ಇಷ್ಟು ದೊಡ್ಡ ಅಂಕಿ ಕೊಡುವುದಿಲ್ಲ. ತೈ ಚಿಯಿಂದ ಬೀಳುವುದು ಸುಮಾರು 19% ಕಡಿಮೆಯಾಗಬಹುದು ಅನ್ನುತ್ತದೆ. ನಾನು ಈ ಚಿಕ್ಕ ಅಂಕಿಯನ್ನೇ ಇಟ್ಟುಕೊಳ್ಳುತ್ತೇನೆ. ಸಾಲ ಕೊಡುವಾಗ ಗಿರಾಕಿ ಹೇಳಿದ ಆದಾಯವನ್ನು ಅರ್ಧಕ್ಕೆ ಇಳಿಸಿ ನೋಡುವುದು ಹಳೇ ಚಾಳಿ. ಐದು ಸಲ ಬೀಳುವ ಕಡೆ ನಾಲ್ಕು ಸಲ ಅಂದರೂ, ತಪ್ಪಿದ ಆ ಐದನೆಯದು ಸೊಂಟ ಮುರಿಯುವ ಸಲವೇ ಇರಬಹುದಲ್ವಾ?

ಪಾರ್ಕಿನ್ಸನ್ ಕಾಯಿಲೆಯವರ ಬಗ್ಗೆಯೂ ಒಳ್ಳೆಯ ಕೆಲಸ ನಡೆದಿದೆ. 2012ರ ಅಧ್ಯಯನದಲ್ಲಿ 195 ರೋಗಿಗಳಿದ್ದರು. 24 ವಾರದ ನಂತರ ತೈ ಚಿ ಗುಂಪಿನವರ ನಿಲುವು, ಹೆಜ್ಜೆಯ ಉದ್ದ ಎರಡೂ ಸುಧಾರಿಸಿದ್ದವು. ಮಂಡಿ ಸವೆತಕ್ಕೆ ಬಾಸ್ಟನ್‌ನಲ್ಲಿ 204 ಜನರ ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. 12 ವಾರದ ತೈ ಚಿ, ಫಿಸಿಯೋಥೆರಪಿಯಷ್ಟೇ ನೋವು ಕಡಿಮೆ ಮಾಡಿತ್ತು. ಅಮೆರಿಕದ ಕೀಲುರೋಗ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಮಂಡಿ ಮತ್ತು ಸೊಂಟದ ಸವೆತಕ್ಕೆ ತೈ ಚಿಯನ್ನು ಬಲವಾಗಿ ಶಿಫಾರಸು ಮಾಡಿದೆ. ಬಿ.ಪಿ. ವಿಷಯದಲ್ಲಿ 2024ರಲ್ಲಿ ಚೀನಾದಿಂದ ಒಂದು ವರದಿ ಬಂತು. ಬಿ.ಪಿ. ಗಡಿಯಲ್ಲಿರುವ 342 ಜನ, ಒಂದು ವರ್ಷ, ವಾರಕ್ಕೆ ನಾಲ್ಕು ಗಂಟೆ. ಮೇಲಿನ ಅಂಕಿ ತೈ ಚಿಯವರಲ್ಲಿ ಸರಾಸರಿ 7ರಷ್ಟು ಇಳಿದರೆ, ಏರೋಬಿಕ್ಸ್ ಮಾಡಿದವರಲ್ಲಿ 4.6ರಷ್ಟು ಇಳಿಯಿತು. ಇದನ್ನು ಓದಿ ಮಾತ್ರೆ ಬಿಡುವ ಯೋಚನೆ ಬಂದರೆ ಮತ್ತೆ ಓದಿ. ಅವರು ಗಡಿಯಲ್ಲಿ ಇದ್ದವರು. ನನ್ನಂತೆ ಗಡಿ ದಾಟಿ ಹತ್ತು ವರ್ಷವಾದವರಲ್ಲ.

ಕೆಲಸ ಮಾಡದ ಕಡೆಯೂ ಇದೆ. ದುರ್ಬಲ ಹೃದಯದ 100 ರೋಗಿಗಳ ಮೇಲಿನ 2011ರ ಅಧ್ಯಯನದಲ್ಲಿ ಮನಸ್ಸು ಹಗುರವಾಯಿತು, ದಿನದ ಬದುಕು ಸುಧಾರಿಸಿತು, ಆದರೆ ಆರು ನಿಮಿಷದಲ್ಲಿ ನಡೆಯುವ ದೂರ ಹೆಚ್ಚಲಿಲ್ಲ. ನನ್ನ ವಿಷಯದಲ್ಲಿ ತೂಕ ಅದೇ 74. ಮೂರು ತಿಂಗಳ ಶುಗರ್ ಅದೇ ಇದೆ. ಅದಕ್ಕೆ ನನ್ನ ನಾಲಿಗೆಯೂ ಕಾರಣ, ತೈ ಚಿಯನ್ನು ದೂರುವುದು ತಪ್ಪು.

ಎರಡನೇ ತಿಂಗಳಲ್ಲಿ ನನ್ನ ಬಲಮಂಡಿ ನೋಯತೊಡಗಿತು. ಮಂಡಿಗೆ ಒಳ್ಳೆಯದು ಅಂತಾರೆ, ನನಗೆ ನೋವೇ ಬಂತಲ್ಲ ಅಂತ ಎರಡು ವಾರ ಹೋಗಲಿಲ್ಲ. ಮೇಷ್ಟ್ರು ಮನೆಗೇ ಬಂದರು. ಹಾಲ್‌ನಲ್ಲಿ ನಿಲ್ಲಿಸಿ ನೋಡಿದರು. ಭಾರ ಹಾಕುವಾಗ ನನ್ನ ಮಂಡಿ ಒಳಗೆ ವಾಲುತ್ತಿತ್ತು. ಮಂಡಿ ಯಾವಾಗಲೂ ಪಾದದ ಬೆರಳು ತೋರಿಸುವ ಕಡೆಗೇ ಬಗ್ಗಬೇಕು, ಬೆರಳ ತುದಿ ದಾಟಿ ಮುಂದೆ ಹೋಗಬಾರದು. ಇನ್ನೊಂದು, ನಾನು ಮೂವತ್ತರ ಹುಡುಗರ ವಿಡಿಯೋ ನೋಡಿ ತೀರಾ ಕೆಳಗೆ ಕೂರುತ್ತಿದ್ದೆ. "ರೂಪಾಯಿಯಲ್ಲಿ 70 ಪೈಸೆ ಮಾತ್ರ ಖರ್ಚು ಮಾಡಿ ಸ್ವಾಮಿ, 30 ಪೈಸೆ ಕೈಯಲ್ಲಿರಲಿ" ಅಂದರು. ನಿಲುವು ಎತ್ತರಿಸಿಕೊಂಡೆ. ಮೂರು ವಾರಕ್ಕೆ ನೋವು ಹೋಯಿತು. ಆದ್ದರಿಂದ ವಿಡಿಯೋ ನೋಡಿಕೊಂಡೇ ಕಲಿಯುತ್ತೇನೆ ಅನ್ನುವವರಿಗೆ ನನ್ನ ಅಭಿಪ್ರಾಯ, ಬೇಡ. ನಿಮ್ಮ ಮಂಡಿ ಎಲ್ಲಿ ವಾಲುತ್ತಿದೆ ಅಂತ ಮೊಬೈಲ್ ಹೇಳುವುದಿಲ್ಲ. ತಲೆಸುತ್ತು ಇರುವವರು, ಮೂಳೆ ಟೊಳ್ಳಾದವರು, ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಹುಲ್ಲಿನ ಮೇಲೆ ಮಾಡಬೇಡಿ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ತೆಳು ಅಡಿಯ ಕ್ಯಾನ್ವಾಸ್ ಶೂ ಸಾಕು.

ಈಗ 14 ತಿಂಗಳಾಯಿತು. ಎಡಗಾಲು 25 ಸೆಕೆಂಡ್, ಬಲಗಾಲು 17. ಸಿಟಿ ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ಮುಂದಿನವರ ಮೇಲೆ ಬೀಳುವುದು ನಿಂತಿದೆ. ಮೊನ್ನೆ ಗೌರಿ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಮಳೆ ಬಂದು ನಿಂತಿತ್ತು. ಹೂವಿನ ಸಾಲಿನಲ್ಲಿ ಕೊಳೆತ ಬಾಳೆ ಎಲೆ, ಸೇವಂತಿಗೆ, ನೀರು ಎಲ್ಲ ಸೇರಿ ಲೋಳೆಯಾಗಿತ್ತು. ಎರಡೂ ಕೈಯಲ್ಲಿ ಚೀಲ. ಬಲಗಾಲು ಇಟ್ಟೆ, ಸರಕ್ಕನೆ ಜಾರಿತು. ಆದರೆ ಜಾರಿದ ಕಾಲಿನ ಮೇಲೆ ನಾನು ಇನ್ನೂ ಇರಲಿಲ್ಲ. ನನ್ನ 74 ಕಿಲೋ ಎಡಗಾಲಿನಲ್ಲೇ ಇತ್ತು. ಕಾಲು ತಾನೇ ವಾಪಸ್ ಬಂತು. ಹೂವಿನವಳು, "ಅಯ್ಯೋ, ನೋಡ್ಕೊಂಡು ಸ್ವಾಮಿ!" ಅಂದಳು. ಗಾಬರಿಯಲ್ಲಿ ಮೊಳಕ್ಕೆ ಹತ್ತು ರೂಪಾಯಿ ಜಾಸ್ತಿ ಕೊಟ್ಟು ಬಂದೆ. ಮನೆಗೆ ಬಂದ ಮೇಲೆ ಕೈ ನಡುಗಿತು.

ಅವ್ವನ ಬಚ್ಚಲಿನ ಟೈಲ್ಸ್ ಕೀಳಿಸಿ ಒರಟು ಕಲ್ಲು ಹಾಕಿಸಿದ್ದೇನೆ. ಗೋಡೆಗೆ ಎರಡು ಸ್ಟೀಲ್ ಹಿಡಿಕೆ, ರಾತ್ರಿಯಿಡೀ ಉರಿಯುವ ಪುಟ್ಟ ಬಲ್ಬು. ತೈ ಚಿಗಿಂತ ಮೊದಲು ಮಾಡಬೇಕಾದದ್ದು ಇದೇ, ಮತ್ತು ಇದಕ್ಕೆ ಆರು ತಿಂಗಳು ಬೇಡ, ಒಬ್ಬ ಗಾರೆಯವನು ಎರಡು ದಿನ ಬಂದರೆ ಸಾಕು. ಆಮೇಲೆ ಫಿಸಿಯೋಥೆರಪಿಯವರನ್ನು ಕೇಳಿ, ಅವ್ವನಿಗೆ ಕುರ್ಚಿಯಲ್ಲಿ ಕೂತೇ ಮಾಡುವ ಮೋಡದ ಕೈ ತೋರಿಸಿಕೊಟ್ಟೆ. ಒಂದು ಕೈ ಮುಖದ ಮುಂದೆ ತೇಲಿ ಹೋಗುತ್ತದೆ, ಇನ್ನೊಂದು ಹೊಟ್ಟೆಯ ಮುಂದೆ. ಅದರ ಜೊತೆ ಪಾದದಿಂದ ಪಾದಕ್ಕೆ ಭಾರ.

ಅವ್ವ ಅನುಮಾನದಿಂದ ನೋಡಿದಳು. "ಇದ್ಯಾಕ್ ಮಗಾ, ಗಾಳೀಲಿ ರಾಗಿ ಬೀಸ್ತಿದ್ದೀಯಾ?"

"ಹೂಂ ಕಣವ್ವ, ಹಂಗೇ ಅನ್ಕೋ."

ಈಗ ಸಂಜೆ ಟಿ.ವಿ. ಮುಂದೆ ಕೂತು ಬೀಸುತ್ತಾಳಂತೆ, ತಮ್ಮ ಫೋನ್ ಮಾಡಿ ಹೇಳಿದ. ಆದರೆ ಜಾಹೀರಾತು ಬಂದಾಗ ಮಾತ್ರ. ಧಾರಾವಾಹಿ ಶುರುವಾದ ತಕ್ಷಣ ಮೋಡ ನಿಂತುಬಿಡುತ್ತದೆ.